ಬಂಡೆಯ ಮೇಲಿನ ಬುತ್ತಿ

ಕಂದಾಯ ಇಲಾಖೆಯ ಕಡತಗಳಲ್ಲಿ ‘ಖರಾಬು’ ಎಂದೊಂದು ಮಾತಿದೆ. ಉಳಲು ಬಾರದ, ಬಿತ್ತಲು ಬಾರದ, ಸರ್ಕಾರಕ್ಕೆ ಕಾಸು ಹುಟ್ಟಿಸದ ನೆಲಕ್ಕೆಲ್ಲ ಆ ಹೆಸರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಇಂಥ ನೆಲಕ್ಕೆ ಕೊರತೆಯಿಲ್ಲ. ಬೋಳು ಗುಡ್ಡ, ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆ, ನಡುನಡುವೆ ಕಾರೆ, ಕವಳೆ, ತಂಗಡಿ, ಬಂದರಿಕೆಯ ಕುರುಚಲು. ಬಸ್ಸಿನ ಕಿಟಕಿಯಿಂದ ನೋಡುವ ಪರಊರಿನವರು ‘ಏನೂ ಬೆಳೆಯದ ಬೆಂಗಾಡು’ ಎಂದು ತೀರ್ಪು ಕೊಟ್ಟು ಕಣ್ಣು ಮುಚ್ಚುವುದು ಇಲ್ಲಿಯೇ.

ಕುರಿಯ ಹಿಂಡಿನ ಹಿಂದೆ ದಿನವೆಲ್ಲ ಅಲೆಯುವವನಿಗೆ ಮಾತ್ರ ಖರಾಬು ಖರಾಬಲ್ಲ. ಯಾವ ಪೊದೆಯಲ್ಲಿ ಯಾವ ಹಣ್ಣು, ಯಾವ ಬಂಡೆಯ ಸಂದಿಯಲ್ಲಿ ಯಾವ ಸೊಪ್ಪು ಎಂಬ ಲೆಕ್ಕ ಅವನ ತಲೆಯಲ್ಲಿರುತ್ತದೆ. ಆ ಲೆಕ್ಕದಲ್ಲಿ ಒಂದು ವಿಚಿತ್ರ ಗಿಡವೂ ಸೇರಿದೆ. ಎತ್ತರ ಗೇಣುದ್ದ, ಹೆಚ್ಚೆಂದರೆ ಒಂದೂವರೆ ಗೇಣು. ಕಿರುಬೆರಳಿನಷ್ಟೋ ಹೆಬ್ಬೆರಳಿನಷ್ಟೋ ದಪ್ಪನಾದ, ನಾಲ್ಕು ಏಣುಗಳುಳ್ಳ, ಬೂದು ಬೆರೆತ ಹಸಿರು ಬಣ್ಣದ ಕಾಂಡಗಳು ಮುಳ್ಳುಪೊದೆಯ ಬುಡದಲ್ಲಿ ಗುಂಪಾಗಿ ಎದ್ದು ನಿಂತಿರುತ್ತವೆ. ಮುಳ್ಳಿಲ್ಲ. ಎಲೆ ಇದ್ದೂ ಇಲ್ಲದಂತೆ. ಚಿಗುರಿನಲ್ಲಿ ಸಾಸಿವೆ ಕಾಳಿನಷ್ಟು ಕಾಣಿಸಿಕೊಂಡು ಉದುರಿಹೋಗುತ್ತದೆ. ಊಟದ ಹೊತ್ತು ಮೀರಿ, ಬುತ್ತಿ ಬರಿದಾದಾಗ ಈ ಕಾಂಡವನ್ನು ಮುರಿದು, ಏಣುಗಳನ್ನು ಕೆರೆದು, ಉಪ್ಪಿದ್ದರೆ ಉಪ್ಪಿನೊಂದಿಗೆ, ಇಲ್ಲದಿದ್ದರೆ ಹಾಗೆಯೇ ಜಗಿಯುವುದು ಬಯಲುಸೀಮೆಯ ಗುಡ್ಡಗಾಡಿನ ಹಳೆಯ ರೂಢಿ. ಬಾಯಾರಿಕೆ ಅಡಗುತ್ತದೆ, ಹಸಿವೂ ಒಂದಿಷ್ಟು ಹೊತ್ತು ದೂರ ಸರಿದು ನಿಲ್ಲುತ್ತದೆ ಎಂಬುದು ತಿಂದವರ ಮಾತು.

ಸಸ್ಯಶಾಸ್ತ್ರಜ್ಞರು ಇದನ್ನು ಕಾರಲ್ಲುಮ ಎನ್ನುತ್ತಾರೆ. ಗ್ರೀಕೋ ಲ್ಯಾಟಿನ್ನೋ ಇರಬೇಕು ಎಂದು ಅನೇಕರ ಊಹೆ. ಅರಬ್ಬಿ ಭಾಷೆಯ ಪದವೊಂದರಿಂದ ಬಂದಿತೆಂಬ ಕತೆಯಂತೂ ಬಹಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ಸಾಗುತ್ತ ಬಂದಿತು. ನಿಜಕ್ಕೂ ಇದು ನಮ್ಮ ಮಗ್ಗುಲಿನದೇ ಮಾತು. ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ರಾಕ್ಸ್‌ಬರ್ಗ್ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಗೋದಾವರಿ ಸೀಮೆಯ ಸಾಮರ್ಲಕೋಟದಲ್ಲಿದ್ದಾಗ ಸ್ಥಳೀಯ ಚಿತ್ರಗಾರರಿಂದ ಗಿಡಗಳ ಚಿತ್ರ ಬರೆಸಿ, ಪ್ರತಿಯೊಂದಕ್ಕೂ ಜನ ಹೇಳುವ ಹೆಸರನ್ನು ಕೇಳಿ ಗುರುತು ಹಾಕಿಕೊಳ್ಳುತ್ತಿದ್ದ. ಅವು ‘ಕೋರಮಂಡಲ ತೀರದ ಸಸ್ಯಗಳು’ ಎಂಬ ಗ್ರಂಥದ ರೂಪದಲ್ಲಿ 1795ರಿಂದ ಲಂಡನ್ನಿನಲ್ಲಿ ಅಚ್ಚಾದವು. ಅದರಲ್ಲಿ ನಮ್ಮ ಗಿಡಕ್ಕೆ ಕೊಟ್ಟಿರುವ ತೆಲುಗು ಹೆಸರು ‘ಕಾರ್ ಅಲ್ಲಂ’. ಕೆಲವು ವರ್ಷಗಳ ನಂತರ, 1810ರ ಸುಮಾರಿಗೆ, ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಈ ಜಾತಿಯ ಗಿಡಗಳನ್ನು ಬೇರೆ ಕುಲವಾಗಿ ವಿಂಗಡಿಸಿದಾಗ ಅದೇ ಹೆಸರನ್ನು ಕೊಂಚ ತಿದ್ದಿ ಇಟ್ಟ. ಆಫ್ರಿಕದಲ್ಲೋ ಅರೇಬಿಯದಲ್ಲೋ ಬೆಳೆಯುವ ಇದರ ದಾಯಾದಿಗಳನ್ನು ಹೆಸರಿಸುವಾಗಲೂ ಯೂರೋಪಿನ ಪಂಡಿತರು ಉಚ್ಚರಿಸುವುದು ಹಳ್ಳಿಯ ತೆಲುಗರೊಬ್ಬರು ಎರಡು ಶತಮಾನಕ್ಕೂ ಹಿಂದೆ ಹೇಳಿಕೊಟ್ಟ ಮಾತನ್ನೇ. ತೆಲುಗಿನಲ್ಲಿ ಇದಕ್ಕೆ ‘ಕುಂದೇಟಿ ಕೊಮ್ಮುಲು’ ಎಂದೂ ಹೆಸರುಂಟು. ಎಂದರೆ ಮೊಲದ ಕೊಂಬು. ಇಲ್ಲದ ವಸ್ತುವಿಗೆ ದೃಷ್ಟಾಂತವಾಗಿ ನಮ್ಮ ತರ್ಕಶಾಸ್ತ್ರದವರು ಬಳಸುವ ಮೊಲದ ಕೊಂಬು ಇಲ್ಲಿ ಗುಡ್ಡದ ಮೇಲೆ ಮೊಳೆತು ನಿಂತಿದೆ! ಇದರ ಕಾಯಿಗಳನ್ನು ನೋಡಿದರೆ ಹೆಸರಿನ ಔಚಿತ್ಯ ತಿಳಿಯುತ್ತದೆ. ಒಂದೇ ಕಡೆಯಿಂದ ಹೊರಟ ಎರಡು ತೆಳ್ಳನೆಯ ಕಾಯಿಗಳು ಮೇಲಕ್ಕೆ ಚಾಚಿ ಕೊಂಬಿನ ಜೋಡಿಯಂತೆಯೇ ಕಾಣುತ್ತವೆ. ನಮ್ಮ ಕಡೆ ‘ಎಂಥದೋ ಕಳ್ಳಿ’ ಎಂದು ಹೇಳಿ ಮುಗಿಸುವವರೇ ಹೆಚ್ಚು. ಆದ್ದರಿಂದ ಈ ಲೇಖನದಲ್ಲಿ ಕಾರಲ್ಲುಮ ಎಂದೇ ಕರೆಯೋಣ. ಹೇಗೂ ಅದು ದ್ರಾವಿಡ ಶಬ್ದವೇ.

ಹಾಗೆ ನೋಡಿದರೆ ಇದು ಕಳ್ಳಿಯೂ ಅಲ್ಲ. ಕಳ್ಳಿ ಎನ್ನುವ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ವಂಶಗಳನ್ನು ಸೇರಿಸಿಬಿಟ್ಟಿದ್ದೇವೆ. ಬೇಲಿಗೆ ನೆಡುವ ಚದರಗಳ್ಳಿ, ಕೊಂಬುಗಳ್ಳಿಗಳು ಒಂದು ವಂಶ. ಅವುಗಳನ್ನು ಮುರಿದರೆ ಬೆಳ್ಳನೆಯ ಹಾಲು ಸುರಿಯುತ್ತದೆ. ಕಣ್ಣಿಗೆ ಬಿದ್ದರೆ ಅಪಾಯ. ಪಾಪಾಸುಕಳ್ಳಿ ಅಮೆರಿಕದಿಂದ ಬಂದ ಕ್ಯಾಕ್ಟಸ್ ವಂಶದ್ದು. ಕಾರಲ್ಲುಮ ಇವೆರಡಕ್ಕೂ ಸೇರದೆ ಎಕ್ಕದ ಗಿಡದ ಸಂಬಂಧಿ. ಹೊರನೋಟಕ್ಕೆ ಎಲ್ಲಿಯ ಎಕ್ಕ, ಎಲ್ಲಿಯ ಇದು ಎನಿಸಬಹುದು. ಆದರೆ ಕಾಯಿ ಒಡೆದಾಗ ರೇಷ್ಮೆಯ ಕುಚ್ಚು ಕಟ್ಟಿಕೊಂಡ ಬೀಜಗಳು ಗಾಳಿಯಲ್ಲಿ ತೇಲಿಹೋಗುವುದನ್ನು ಕಂಡವರಿಗೆ ನೆಂಟಸ್ತಿಕೆ ಗೊತ್ತಾಗದೆ ಇರದು. ಕಾರಲ್ಲುಮವನ್ನು ಮುರಿದರೆ ಹಾಲು ಬರುವುದಿಲ್ಲ, ನೀರಿನಂತಹ ತಿಳಿಯಾದ ರಸ ಒಸರುತ್ತದೆ. ಗುಡ್ಡದಲ್ಲಿ ತಿನ್ನುವ ಗಿಡ ಯಾವುದು, ಮುಟ್ಟಬಾರದ್ದು ಯಾವುದು ಎಂದು ತಿಳಿಯಲು ಇದು ಮೊದಲ ಗುರುತು. ಹಾಗೆಂದು ಹಾಲು ಬಾರದ ಗಿಡಗಳೆಲ್ಲ ತಿನ್ನಲು ಯೋಗ್ಯವೆಂದು ಯಾರೂ ಭಾವಿಸಬಾರದು. ಬಲ್ಲವರು ತೋರಿಸದೆ ಗುಡ್ಡದ ಯಾವ ಗಿಡವನ್ನೂ ಬಾಯಿಗಿಡದಿರುವುದು ಕ್ಷೇಮ.

ಇದೇ ಬಂಡೆಗಳ ಮೇಲೆ ನಾಲ್ಕೇಣಿನ ಇನ್ನೊಂದು ಸಸ್ಯ ಬೆಳೆಯುತ್ತದೆ. ಗಂಟು ಗಂಟಾಗಿ ಸರಪಳಿಯಂತೆ ಹಬ್ಬುವ ಮಂಗರವಳ್ಳಿ. ಮುರಿದ ಮೂಳೆಗೆ ಕಟ್ಟುವ ಔಷಧಿಯೆಂದೂ, ಹುಣಸೆಹಣ್ಣು ಹಾಕಿ ರುಬ್ಬಿದ ಚಟ್ನಿಯೆಂದೂ ಅದಕ್ಕೆ ಮನೆಮನೆಯಲ್ಲಿ ಹೆಸರಿದೆ. ಕೆಲವರು ಇವೆರಡನ್ನೂ ಒಂದೇ ಎಂದು ತಿಳಿಯುವುದುಂಟು. ಮಂಗರವಳ್ಳಿ ದ್ರಾಕ್ಷಿಯ ಜಾತಿಯ ಬಳ್ಳಿ. ಹಸಿಯಾಗಿ ತಿಂದರೆ ಗಂಟಲು ಕೆರೆಯುತ್ತದೆ. ಕಾರಲ್ಲುಮವನ್ನು ಹಸಿಯಾಗಿಯೇ ತಿನ್ನಬಹುದೆಂಬುದೇ ಅದರ ಹೆಚ್ಚುಗಾರಿಕೆ. ಮಸಾಲೆ ಹಾಕಿ ಪಲ್ಯ ಮಾಡುವುದು, ಚಟ್ನಿ, ಉಪ್ಪಿನಕಾಯಿ ಹಾಕುವುದೂ ದಖ್ಖನಿನ ಹಲವೆಡೆ ಬಳಕೆಯಲ್ಲಿವೆ.

ರುಚಿ ಹೇಗೆ? ಹುಳಿ, ಒಗರು, ಕೊನೆಯಲ್ಲಿ ಕಹಿ. ಈ ಹುಳಿಯ ಹಿಂದೆ ಒಂದು ಸ್ವಾರಸ್ಯಕರ ವಿಜ್ಞಾನವಿದೆ. ಅದಕ್ಕೆ ಕರ್ನಾಟಕದ ನಂಟೂ ಇದೆ.

ಶ್ರೀರಂಗಪಟ್ಟಣ ಬಿದ್ದ ಮೇಲೆ, 1800ರಲ್ಲಿ, ಬೆಂಗಳೂರಿನ ಲಾಲ್‌ಬಾಗ್ ತೋಟವನ್ನು ಕಂಪನಿ ಸರ್ಕಾರ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞನ ಸುಪರ್ದಿಗೆ ಒಪ್ಪಿಸಿತು. ಕರ್ನಲ್ ಮೆಕೆಂಜಿಯ ಮೈಸೂರು ಸರ್ವೆಯ ತಂಡದಲ್ಲಿದ್ದವನು ಈತ. ಎಲೆಯ ಅಂಚಿನಿಂದಲೇ ಮರಿಗಿಡ ಹುಟ್ಟಿಸುವ ದಪ್ಪ ಎಲೆಯ ಕಾಡುಬಸಳೆಯನ್ನು ನಾವೆಲ್ಲ ಬಾಲ್ಯದಲ್ಲಿ ಪುಸ್ತಕದ ನಡುವೆ ಇಟ್ಟು ಕಾದವರೇ ಅಲ್ಲವೇ? ಹೈನ್ ಆ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಗಿನ ಜಾವ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಯ ಹೊತ್ತಿಗೆ ತುಸು ಕಹಿ. ಒಂದೇ ಎಲೆಗೆ ದಿನದಲ್ಲಿ ಮೂರು ರುಚಿ! ಇದನ್ನು ಅವನು ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಬರೆದ ಪತ್ರ 1815ರಲ್ಲಿ ಪ್ರಕಟವಾಯಿತು. ಏಕೆ ಹೀಗಾಗುತ್ತದೆ ಎಂಬುದು ಪೂರ್ತಿ ಬಿಡಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ.

ಗಿಡಗಳು ಉಸಿರಾಡಲು ಎಲೆ ಅಥವಾ ಕಾಂಡದ ಮೇಲೆ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಳಬರುವುದು ಇವುಗಳ ಮೂಲಕ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಈ ಕಿಂಡಿಗಳನ್ನು ತೆರೆದಿಡುತ್ತವೆ. ಆದರೆ ಕಿಂಡಿ ತೆರೆದರೆ ಗಾಳಿ ಒಳಬರುವಂತೆ ನೀರು ಆವಿಯಾಗಿ ಹೊರಹೋಗುವುದೂ ಉಂಟು. ಏಪ್ರಿಲ್ ತಿಂಗಳ ಮಧ್ಯಾಹ್ನ ಕೂಡ್ಲಿಗಿಯ ಬಂಡೆಯ ಮೇಲೆ ಬರಿಗಾಲಿಟ್ಟವರಿಗೆ ಆ ನಷ್ಟ ಎಷ್ಟಿರಬಹುದೆಂದು ವಿವರಿಸಬೇಕಿಲ್ಲ. ಕಾಡುಬಸಳೆ, ಕಾರಲ್ಲುಮಗಳಂತಹ ಗಿಡಗಳು ವ್ಯವಹಾರವನ್ನೇ ತಿರುವುಮುರುವು ಮಾಡಿಕೊಂಡಿವೆ. ಹಗಲೆಲ್ಲ ಬಾಗಿಲು ಹಾಕಿ, ರಾತ್ರಿ ತಂಪಾದ ಮೇಲೆ ಕಿಂಡಿ ತೆರೆಯುತ್ತವೆ. ಒಳಗೆ ಬಂದ ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಹಸಿರು ಸೇಬಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲವೇ ಇದು. ಬೆಳಗಾದ ಮೇಲೆ ಕಿಂಡಿ ಮುಚ್ಚಿಕೊಂಡು, ಬಿಸಿಲಿನ ಬಲದಿಂದ ಆ ದಾಸ್ತಾನನ್ನು ಸಕ್ಕರೆಯಾಗಿ ಬದಲಾಯಿಸುತ್ತವೆ. ಆದ್ದರಿಂದಲೇ ಬೆಳಗ್ಗೆ ಹುಳಿ, ಸಂಜೆಗೆ ಸಪ್ಪೆ. ತೀರ ಬರಗಾಲದಲ್ಲಿ ರಾತ್ರಿಯೂ ಕಿಂಡಿ ತೆರೆಯದೆ, ತಾನು ಉಸಿರಾಡಿ ಬಿಟ್ಟ ಅನಿಲವನ್ನೇ ಒಳಗೊಳಗೆ ಮತ್ತೆ ಬಳಸಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದುಕೊಳ್ಳುವ ಶಕ್ತಿಯೂ ಕಾರಲ್ಲುಮದ ವಂಶಕ್ಕಿದೆ. ಇಸ್ರೇಲಿನ ನೆಗೆವ್ ಮರುಭೂಮಿಯ ಕಾರಲ್ಲುಮದಲ್ಲಿ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದಾರೆ.

ಹಾಗಾದರೆ ನಮ್ಮ ಐದು ತಾಲ್ಲೂಕುಗಳು ಮರುಭೂಮಿಯೇ? ಅಲ್ಲ. ವರ್ಷಕ್ಕೆ 500-600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ಜೋಳ, ಶೇಂಗಾ, ಮೆಕ್ಕೆಜೋಳ ಬೆಳೆಯುತ್ತವೆ. ಹಡಗಲಿಯ ಮಲ್ಲಿಗೆಗಂತೂ ಭೌಗೋಳಿಕ ಗುರುತಿನ ಮಾನ್ಯತೆಯೇ ದೊರೆತಿದೆ. ಮರುಭೂಮಿ ಇರುವುದು ಬಂಡೆಯ ಮೇಲೆ. ರಾಮನಗರದಿಂದ ಉತ್ತರಕ್ಕೆ ಕೂಡ್ಲಿಗಿ, ಗುಡೇಕೋಟೆಗಳ ಮೂಲಕ ತುಂಗಭದ್ರೆಯ ಆಚೆಯವರೆಗೂ ಚಾಚಿರುವ ಗ್ರಾನೈಟ್ ಸಾಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷ ಹಳೆಯ ಈ ಶಿಲೆಯ ಮೇಲೆ ಎಷ್ಟು ಮಳೆ ಬಿದ್ದರೂ ಗಳಿಗೆಯಲ್ಲಿ ಹರಿದು ಕೆಳಗಿಳಿಯುತ್ತದೆ. ಸಂದಿಗಳಲ್ಲಿ ಉಳಿಯುವುದು ನಾಲ್ಕು ಬೆರಳು ಮಣ್ಣು. ಕಲ್ಲು ಕಾದರೆ ಆ ಮಣ್ಣಿನ ಪಸೆ ಎರಡು ದಿನವೂ ನಿಲ್ಲದು. ಜೈಸಲ್ಮೇರಿನ ಮರಳು ಹೇಗೋ ಇದೂ ಹಾಗೆಯೇ. ಅಲ್ಲಿಯ ಥಾರ್ ಮರುಭೂಮಿಯಲ್ಲೂ ಕಾರಲ್ಲುಮದ ಇನ್ನೊಂದು ಪ್ರಭೇದವನ್ನು ಜನ ತರಕಾರಿಯಾಗಿ ತಿನ್ನುತ್ತಾರೆಂಬುದು ಇಲ್ಲಿ ನೆನೆಯತಕ್ಕದ್ದು.

ಬಂಡೆಯ ಮೇಲೆ ಒಂಟಿಯಾಗಿ ಬದುಕುವುದು ಇದಕ್ಕೂ ಕಷ್ಟ. ಸಾಮಾನ್ಯವಾಗಿ ಮುಳ್ಳುಕಂಟಿಯ ಆಸರೆಯಲ್ಲೇ ಇದು ಕಾಣಸಿಗುತ್ತದೆ. ಕಂಟಿಯ ನೆರಳು ಎಳೆಯ ಸಸಿಯನ್ನು ಬಿಸಿಲಿನಿಂದಲೂ, ಮುಳ್ಳು ಮೇಕೆಯ ಬಾಯಿಯಿಂದಲೂ ಕಾಯುತ್ತವೆ. ಉದುರಿದ ತರಗೆಲೆ ಒಂದಿಷ್ಟು ಗೊಬ್ಬರವಾಗುತ್ತದೆ. ಬಾಣಂತಿಗೆ ತವರುಮನೆ ಇದ್ದಂತೆ. ಕಂಟಿ ಸವರಿದರೆ ಅದರ ಬುಡದ ಕಾರಲ್ಲುಮಕ್ಕೂ ಉಳಿಗಾಲವಿಲ್ಲವೆಂಬುದನ್ನು ಮುಂದಿನ ಮಾತಿಗಾಗಿ ನೆನಪಿಟ್ಟುಕೊಳ್ಳಬೇಕು.

ಮಳೆ ಬಂದ ಮೇಲೆ ಹೂವಿನ ಕಾಲ. ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆ ಕಾಣುತ್ತೇವೆ. ತೆಳುಕಾಂಡದ ‘ಆಡ್‌ಸೆಂಡೆನ್ಸ್’ ಎಂಬ ಪ್ರಭೇದ ಕಾಂಡದ ತುದಿಯ ಕಡೆ ಒಂದೊಂದಾಗಿ ಜೋತುಬೀಳುವ ಚಿಕ್ಕ ಹೂ ಬಿಡುತ್ತದೆ. ಅದರದೇ ಒಂದು ತಳಿಯಾದ ‘ಫಿಂಬ್ರಿಯೇಟ’ದಲ್ಲಿ ದಳದ ಅಂಚಿಗೆ ನೇರಳೆ ಬಣ್ಣದ ನವಿರಾದ ಕೂದಲುಗಳು, ಗಾಳಿ ಬೀಸಿದರೆ ಅವು ನಡುಗುವ ಚಂದವನ್ನು ಭೂತಗನ್ನಡಿಯಲ್ಲಿ ನೋಡಬೇಕು. ದಪ್ಪಕಾಂಡದ ‘ಅಂಬೆಲ್ಲೇಟ’ ಕಾಂಡದ ತುದಿಯಲ್ಲಿ ಕಪ್ಪುನೇರಳೆಯ ಹೂಗಳ ಚೆಂಡನ್ನೇ ಹೊತ್ತು ನಿಲ್ಲುತ್ತದೆ. ಚಂದವೆಂದು ಬಗ್ಗಿ ಮೂಸಿದರೆ ಮೂಗು ಮುಚ್ಚಬೇಕು. ಸತ್ತ ಇಲಿಯ ವಾಸನೆ. ಅದು ನಮಗಾಗಿ ಅರಳಿದ ಹೂವಲ್ಲ, ನೊಣಗಳಿಗಾಗಿ. ಕೊಳೆತ ಮಾಂಸವೆಂದು ಮೋಸಹೋಗಿ ಬಂದು ಕೂತ ನೊಣಕ್ಕೆ ಪರಾಗದ ಪುಟ್ಟ ಗಂಟು ಅಂಟಿಕೊಳ್ಳುತ್ತದೆ. ಅದು ಇನ್ನೊಂದು ಹೂವಿನಲ್ಲಿ ಮತ್ತೆ ಮೋಸಹೋದಾಗ ಗರ್ಭಾಂಕುರವಾಗುತ್ತದೆ. ಹತ್ತಿರದಲ್ಲಿ ಇನ್ನೊಂದು ಗಿಡ ಇಲ್ಲದಿದ್ದರೆ ಈ ಉಪಾಯ ಫಲಿಸುವುದಿಲ್ಲ. ಗುಡ್ಡವೊಂದರಲ್ಲಿ ನಾಲ್ಕೇ ಗಿಡ ಉಳಿದವೆಂದರೆ ಹೂ ಬಿಟ್ಟರೂ ಕಾಯಿ ಕಟ್ಟುವುದು ಅಪರೂಪವಾಗುತ್ತದೆ.

ಇದು ರುಚಿಗಾಗಿ ತಿನ್ನುವ ಪದಾರ್ಥವಾಗಿ ಬೆಳೆದದ್ದಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಸಸ್ಯಗ್ರಂಥಗಳು ಇದನ್ನು ಬರಗಾಲದ ಆಹಾರಗಳ ಸಾಲಿಗೆ ಸೇರಿಸಿವೆ. ಬರವೆಂದರೆ ಏನೆಂಬುದನ್ನು ಹಳೆಯ ಬಳ್ಳಾರಿ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 1791-92ರ ಡೋಗಿ ಬರದ ಹೆಸರೇ ದಾರಿಯಲ್ಲಿ ಬಿದ್ದ ತಲೆಬುರುಡೆಗಳಿಂದ ಬಂದದ್ದೆನ್ನುತ್ತಾರೆ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 78ರವರೆಗೆ ಬಂದ ಬರ ಇನ್ನೂ ಘೋರ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ಇಳಿದುಹೋಯಿತು. ಊರಿನ ಹಗೇವು ಬರಿದಾದ ದಿನಗಳಲ್ಲಿ ಗುಡ್ಡವೇ ಹಗೇವು. ಯಾವ ಗೆಡ್ಡೆಯನ್ನು ಎಷ್ಟು ಸಲ ಬೇಯಿಸಿ ನೀರು ಚೆಲ್ಲಬೇಕು, ಯಾವ ಕಾಂಡವನ್ನು ಹಸಿಯಾಗಿ ತಿನ್ನಬಹುದು ಎಂಬ ತಿಳಿವಳಿಕೆಗೆ ಪ್ರಾಣದ ಬೆಲೆಯಿತ್ತು. ಬಹುಶಃ ಪ್ರಾಣ ತೆತ್ತೇ ಅದನ್ನು ಕಲಿತದ್ದು ಕೂಡ.

ಈ ತಿಳಿವಳಿಕೆ ಒಂದು ತಲೆಕೆಳಗಾದ ದಾರಿ ಹಿಡಿದದ್ದು ನಮ್ಮ ಕಾಲದಲ್ಲಿ. ಹಸಿದವನ ಹಸಿವನ್ನು ಮರೆಸುವ ಗಿಡ ಉಂಡವನ ಹಸಿವನ್ನೂ ಮರೆಸಬಹುದಲ್ಲ ಎಂಬ ಯೋಚನೆ ವ್ಯಾಪಾರಿಗಳಿಗೆ ಹೊಳೆಯಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಕಾರಲ್ಲುಮದ ಸಾರ ಗುಳಿಗೆಗಳಲ್ಲಿ ಸೇರಿ ಅಮೆರಿಕ, ಆಸ್ಟ್ರೇಲಿಯಗಳ ಅಂಗಡಿಗಳನ್ನು ತಲುಪಿತು. ಬೊಜ್ಜು ಕರಗಿಸುವ ಭಾರತದ ಕ್ಯಾಕ್ಟಸ್ ಎಂದು ಪ್ರಚಾರ ಪಡೆಯಿತು. ಕ್ಯಾಕ್ಟಸ್ ಅಲ್ಲವೆಂಬುದು ಬೇರೆ ಮಾತು.

ಗುಳಿಗೆಯಿಂದ ಗುಣವಿದೆಯೇ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಈ ಕುರಿತು ನಡೆಸಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ತೂಕ ಹೆಚ್ಚಿದ್ದ 50 ಮಂದಿ ವಯಸ್ಕರಲ್ಲಿ ಕೆಲವರಿಗೆ ದಿನಕ್ಕೆ ಒಂದು ಗ್ರಾಂ ಸಾರ, ಉಳಿದವರಿಗೆ ನೋಡಲು ಅದೇ ರೀತಿಯ ಹುಸಿಗುಳಿಗೆ, 60 ದಿನ. ಸಾರ ಸೇವಿಸಿದವರಲ್ಲಿ ಹಸಿವಿನ ಅನುಭವವೂ ಸೊಂಟದ ಸುತ್ತಳತೆಯೂ ಕಡಿಮೆಯಾದವು. ಆದರೆ ತೂಕದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಂತರ 2015ರಲ್ಲಿ ಪ್ರಕಟವಾದ, 12 ವಾರಗಳ ಇನ್ನೊಂದು ಭಾರತೀಯ ಪ್ರಯೋಗದಲ್ಲಿ ಹುಸಿಗುಳಿಗೆಗಿಂತ ಹೆಚ್ಚಿನ ಪ್ರಯೋಜನವೇನೂ ಕಂಡುಬರಲಿಲ್ಲ. ಗಿಡದಲ್ಲಿರುವ ‘ಪ್ರೆಗ್ನೇನ್ ಗ್ಲೈಕೋಸೈಡ್’ ಎಂಬ ವಸ್ತುಗಳು ಮಿದುಳಿನ ಹಸಿವಿನ ಕೇಂದ್ರಕ್ಕೆ ಹೊಟ್ಟೆ ತುಂಬಿದೆ ಎಂಬ ಸುದ್ದಿ ಮುಟ್ಟಿಸುತ್ತಿರಬಹುದೆಂಬುದು ವಿಜ್ಞಾನಿಗಳ ಊಹೆ. ಒಟ್ಟಿನಲ್ಲಿ, ಮಧ್ಯಾಹ್ನದ ಹಸಿವನ್ನು ಸಂಜೆಯವರೆಗೆ ಮುಂದೂಡುವ ಸಾಮರ್ಥ್ಯ ಇದ್ದೀತು. ಕೂತಲ್ಲಿಯೇ ತೂಕ ಇಳಿಸುವ ಪವಾಡ ಇಲ್ಲ. ಕುರಿ ಕಾಯುವವರು ಹೇಳಿದ್ದೂ ಅಷ್ಟನ್ನೇ ಅಲ್ಲವೇ? ಸಕ್ಕರೆ ಕಾಯಿಲೆಗೆ, ಹೊಟ್ಟೆನೋವಿಗೆ, ಜ್ವರಕ್ಕೆ ಇದನ್ನು ಬಳಸುವ ನಾಟಿ ವೈದ್ಯ ಪದ್ಧತಿಯೂ ಇದೆ. ಸಕ್ಕರೆ ಕಾಯಿಲೆಯವರು ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಗುಡ್ಡ ಹತ್ತುವಷ್ಟು ಪುರಾವೆ ಮಾತ್ರ ಇಲ್ಲ.

ಇಂಥದೇ ಕತೆ ಆಫ್ರಿಕದಲ್ಲಿ ನಡೆದು, ಜಗತ್ತಿನ ಗಮನ ಸೆಳೆಯಿತು. ಅಲ್ಲಿಯ ಕಲಹರಿ ಮರುಭೂಮಿಯಲ್ಲಿ ಕಾರಲ್ಲುಮದ ಹತ್ತಿರದ ಬಂಧು ಹೂಡಿಯ ಎಂಬ ಗಿಡವಿದೆ. ದಿನಗಟ್ಟಲೆ ಬೇಟೆಯ ಬೆನ್ನು ಹತ್ತಿ ಹೋಗುವ ಸಾನ್ ಜನ ಅದರ ತುಂಡನ್ನು ಜಗಿದು ಹಸಿವು, ಬಾಯಾರಿಕೆ ತಡೆದುಕೊಳ್ಳುತ್ತಿದ್ದರು. ದಕ್ಷಿಣ ಆಫ್ರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಆ ಗುಣಕ್ಕೆ ಪೇಟೆಂಟ್ ಪಡೆದು, ಬ್ರಿಟನ್ನಿನ ಕಂಪನಿಯೊಂದಕ್ಕೆ ಪರವಾನಗಿ ಕೊಟ್ಟಿತು. ಅಲ್ಲಿಂದ ಅದು ಫೈಜರ್ ಎಂಬ ದೈತ್ಯ ಕಂಪನಿಯ ಕೈ ಸೇರಿತು. ಗುಟ್ಟು ಹೇಳಿಕೊಟ್ಟವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ವಿಷಯ 2001ರಲ್ಲಿ ಪತ್ರಿಕೆಗಳಲ್ಲಿ ಬಯಲಾಗಿ ಗಲಾಟೆಯಾದ ಮೇಲೆ, 2003ರ ಮಾರ್ಚಿನಲ್ಲಿ ಸಂಸ್ಥೆ ಸಾನ್ ಜನರೊಂದಿಗೆ ಒಪ್ಪಂದ ಮಾಡಿಕೊಂಡು ರಾಯಧನದಲ್ಲಿ ನೂರಕ್ಕೆ 6ರಷ್ಟು ಪಾಲು ಕೊಡಲು ಒಪ್ಪಿತು. ಫೈಜರ್ ಹಿಂದೆ ಸರಿಯಿತು. ಅನಂತರ ಬಂದ ಯೂನಿಲಿವರ್ ಕೂಡ 2008ರಲ್ಲಿ ಕೈಬಿಟ್ಟಿತು. ಗಿಡಕ್ಕೆ ಮಾತ್ರ ಅಷ್ಟರಲ್ಲಿ ಕಳ್ಳಸಾಗಣೆಯ ಕಾಟ ಹತ್ತಿ, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಯಲ್ಲಿ ಅದನ್ನು 2004ರಲ್ಲಿ ಸೇರಿಸಬೇಕಾಯಿತು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲವನ್ನೂ ‘ಜನತಾ ಜೀವವೈವಿಧ್ಯ ದಾಖಲಾತಿ’ ಎಂಬ ಪುಸ್ತಕದಲ್ಲಿ ಬರೆದಿಡಬೇಕು. ಅದರಿಂದ ಯಾರಾದರೂ ವ್ಯಾಪಾರ ಮಾಡಿದರೆ ಊರಿಗೂ ಪಾಲು. ಈ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಗ್ರಂಥಸ್ಥವಾದ ಪರಂಪರೆಯ ಜ್ಞಾನವನ್ನು ಬಳಸುವವರಿಗೆ ಈ ಹೊಣೆಯಿಂದ ವಿನಾಯಿತಿ ದೊರೆತಿದೆ. ಕಾರಲ್ಲುಮದ ತಿಳಿವಳಿಕೆ ಹೆಚ್ಚಾಗಿ ಇರುವುದು ಗ್ರಂಥದಲ್ಲಲ್ಲ, ಹಟ್ಟಿಗಳಲ್ಲಿ. ಊರಿನ ದಾಖಲಾತಿಯಲ್ಲಿ ಇದಕ್ಕೊಂದು ಸಾಲು ಬೀಳುತ್ತದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನ ಮಾತು ನಿಂತಿದೆ. ಬರೆಯುವವರು ಕುರಿಯ ಹಿಂದೆ ಹೋಗುವವರನ್ನು ಕೂರಿಸಿಕೊಂಡು ಕೇಳಿದರೆ ಆ ಸಾಲು ಬೀಳುತ್ತದೆ. ಪಂಚಾಯಿತಿ ಕಚೇರಿಯಲ್ಲಿಯೇ ಕುಳಿತು ಭರ್ತಿ ಮಾಡಿದರೆ ಬೇವು, ಹೊಂಗೆ, ಹುಣಸೆಯ ಬಳಿಕ ಪುಟ ಮುಗಿಯುತ್ತದೆ.

ಅಳಿವಿನ ಮಾತಿಗೆ ಬರೋಣ. ಇದರ ವಂಶದಲ್ಲಿ ಅಳಿವಿನ ಅಂಚಿಗೆ ಹೋಗಿ ನಿಂತ ಉದಾಹರಣೆ ಪಕ್ಕದ ಮಹಾರಾಷ್ಟ್ರದಲ್ಲೇ ಇದೆ. ಶಿವಾಜಿ ಹುಟ್ಟಿದ ಶಿವನೇರಿ ಕೋಟೆ ಹಾಗೂ ಸಹ್ಯಾದ್ರಿಯ ಕೆಲವೇ ಕಡಿದಾದ ಬಂಡೆಗಳ ಮೇಲೆ ಬೆಳೆಯುವ ಫ್ರೆರಿಯ ಎಂಬ ಬಂಧುವನ್ನು ಜಗತ್ತಿನ ಅತಿ ಅಪಾಯದ 12 ಸಸ್ಯಗಳಲ್ಲಿ ಒಂದೆಂದು ಒಮ್ಮೆ ಗುರುತಿಸಲಾಗಿತ್ತು. ನಮ್ಮ ಕಾರಲ್ಲುಮದ ಹರಹು ಅದಕ್ಕಿಂತ ಎಷ್ಟೋ ದೊಡ್ಡದು; ದಕ್ಷಿಣ ಭಾರತದ ಒಣಪ್ರದೇಶವೆಲ್ಲ ಅದರ ಸೀಮೆ. ಆದರೂ ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ಇದನ್ನು ಬೆಳೆಸಹೊರಟ ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಇದನ್ನು ಅಳಿವಿನ ಭೀತಿಯ ಔಷಧಿ ಸಸ್ಯವೆಂದೇ ಕರೆದಿದ್ದಾರೆ. ಇದು ಒಮ್ಮೆಗೇ ಮಾಯವಾಗುವ ಗಿಡವಲ್ಲ, ಗುಡ್ಡದಿಂದ ಗುಡ್ಡಕ್ಕೆ ಸದ್ದಿಲ್ಲದೆ ಖಾಲಿಯಾಗುವ ಗಿಡ. ಗುಳಿಗೆಗಾಗಿ ಬುಡಸಮೇತ ಕಿತ್ತು ಮೂಟೆಯಲ್ಲಿ ತುಂಬುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ನೆಲೆಯ ನಾಶ. ಗ್ರಾನೈಟ್ ಕ್ವಾರಿಗೆ ಬಂಡೆಯೇ ಹೋದರೆ ಸಂದಿ ಎಲ್ಲಿಯದು? ಗುಡ್ಡದ ಬುಡದ ಕಲ್ಲುನೆಲವನ್ನು ಜೆಸಿಬಿ ತಂದು ಹಸನು ಮಾಡಿ ಮೆಕ್ಕೆಜೋಳ ಬಿತ್ತಿದರೆ ಕಂಟಿಯೂ ಹೋಯಿತು, ಅದರ ಮಡಿಲಿನ ಕಾರಲ್ಲುಮವೂ ಹೋಯಿತು. ಬೇಸಿಗೆಯಲ್ಲಿ ಹುಲ್ಲು ಚಿಗುರಲೆಂದು ಇಡುವ ಬೆಂಕಿ, ಗಾಳಿಯಂತ್ರಗಳಿಗಾಗಿ ಗುಡ್ಡದ ನೆತ್ತಿಯವರೆಗೆ ಕೊರೆದ ರಸ್ತೆ, ಕೊನೆಗೆ ‘ಬರಡು ಗುಡ್ಡ ಹಸಿರು ಮಾಡುತ್ತೇವೆ’ ಎಂದು ಕುರುಚಲು ಸವರಿ ತೋಡುವ ನೀಲಗಿರಿ, ಅಕೇಶಿಯದ ಗುಂಡಿಗಳೂ ಸೇರಿ ಪಟ್ಟಿ ಉದ್ದವಿದೆ.

ಇನ್ನೊಂದು ಪೈಪೋಟಿ ಬಳ್ಳಾರಿ ಜಾಲಿಯದು. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಇದು ಅಮೆರಿಕ ಖಂಡದ ಮೂಲದ್ದು. ಧಾತು ಬರದ ನಡುವೆಯೇ, 1877ರಲ್ಲಿ, ಜಮೈಕಾದಿಂದ ತರಿಸಿದ ಬೀಜಗಳನ್ನು ಕಡಪ ಸೀಮೆಯಲ್ಲಿ ಬಿತ್ತಿದ್ದು ದಾಖಲೆಯಲ್ಲಿದೆ. ಒಣನಾಡಿಗೆ ಸೌದೆ ಬೇಕೆಂಬ ಒಳ್ಳೆಯ ಉದ್ದೇಶದಿಂದ ಬಂದ ಮರ ಈಗ ಕೆರೆಯಂಗಳ, ಗೋಮಾಳ, ಗುಡ್ಡದ ತಪ್ಪಲುಗಳನ್ನೆಲ್ಲ ನುಂಗಿ ಕೂತಿದೆ. ಪರದೇಶದ ಮರಕ್ಕೆ ಜಿಲ್ಲೆಯ ಹೆಸರೇ ಸಿಕ್ಕಿತು. ಇಲ್ಲಿಯೇ ಹುಟ್ಟಿದ ಗಿಡಕ್ಕೆ ಶಾಲೆಯ ಪಠ್ಯದಲ್ಲಿ ಒಂದು ಚಿತ್ರವೂ ಇಲ್ಲ.

ಹಾಗೆಂದು ಎಲ್ಲೆಡೆಯೂ ನಿರಾಶೆಯೇ ಇಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗಾಡನ್ನು 2013ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ಕರಡಿಗಾಗಿ ಕಾಯ್ದಿಟ್ಟ ಬಂಡೆ, ಕುರುಚಲು ಅದೇ ಬಗೆಯ ನೆಲೆ ಬೇಡುವ ಕಾರಲ್ಲುಮಕ್ಕೂ ಆಸರೆ. ಕ್ವಾರಿಯ ಸುತ್ತಿಗೆ ಅಲ್ಲಿಗೆ ಬಾರದಿದ್ದರೆ ಸಾಕು. ಜಿಲ್ಲೆಯ ಗಡಿಗಳು ಈ ಭಾಗದಲ್ಲಿ ಓಡಾಡಿದಷ್ಟು ಬೇರೆಲ್ಲೂ ಓಡಾಡಿರಲಿಕ್ಕಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳೊಡನೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹೊಸ ಜಿಲ್ಲೆ ತನ್ನ ಖರಾಬು ಭೂಮಿಯ ಲೆಕ್ಕವನ್ನು ಕ್ವಾರಿಯ ಗುತ್ತಿಗೆಗಾಗಿ ತೆಗೆಯುವಾಗ, ಅದರ ಮೇಲೆ ಏನೇನು ಬೆಳೆದಿದೆ ಎಂಬ ಇನ್ನೊಂದು ಕಾಲಮ್ಮನ್ನೂ ಸೇರಿಸಿಕೊಂಡರೆ ಖರ್ಚೇನೂ ಹೆಚ್ಚದು.

ಗಿಡವನ್ನು ಉಳಿಸಿಕೊಳ್ಳುವುದು ಕಷ್ಟದ ವಿದ್ಯೆಯಲ್ಲ. ಬುಡಕ್ಕೆ ಕೈಹಾಕದೆ ಮೇಲಿನ ಒಂದೆರಡು ಕವಲು ಮಾತ್ರ ಮುರಿದುಕೊಂಡರೆ ಅದು ಮತ್ತೆ ಒಡೆದು ಚಿಗುರುತ್ತದೆ. ಮುರಿದ ತುಂಡನ್ನು ನಾಲ್ಕಾರು ದಿನ ನೆರಳಿನಲ್ಲಿಟ್ಟು, ಗಾಯ ಒಣಗಿದ ಮೇಲೆ ಮರಳು ಬೆರೆಸಿದ ಗರಸು ಮಣ್ಣಿನಲ್ಲಿ ಊರಿದರೆ ಬೇರು ಬಿಡುತ್ತದೆ. ಒಡೆದ ಕೊಡದ ಚೂರು, ಕಾಂಪೌಂಡಿನ ಮೇಲ್ತುದಿ, ಹೊಲದ ಬದುವಿನ ಕಲ್ಲುಗುಪ್ಪೆ ಯಾವುದಾದರೂ ಆದೀತು. ನೀರು ಮಾತ್ರ ಹೆಚ್ಚು ಹಾಕಬಾರದು. ಬಿಸಿಲಿಗೆ ಸಾಯದ ಈ ಗಿಡ ನಿಂತ ನೀರಿಗೆ ಒಂದೇ ವಾರದಲ್ಲಿ ಕೊಳೆಯಬಲ್ಲದು.